ಚಿಕ್ಕ ಸೂರ್ಯನ ದೊಡ್ಡ ಶಾಖ

ವೈಶಾಖದ ಬಿಸಿಲನ್ನು ಕಂಡ ಪಟಮಟದ ಕನ್ನಡ ಬಂಧುಗಳಿಗೆ ಆರೋಗ್ಯದ ಒಂದು ಪಾಠ ತಿಳಿದೇ ಇದೆ: ದೇಹದಲ್ಲಿ ಹುಟ್ಟಿದ ಶಾಖವು ಬೆವರಿನೊಡನೆ ಚರ್ಮದಿಂದ ಹೊರಹೋಗಬೇಕು, ಹೋಗದಿದ್ದರೆ ಪ್ರಾಣಕ್ಕೇ ಅಪಾಯ. ಪರಮಾಣು ಸಮ್ಮಿಲನದ ಚಿಕ್ಕ ಸ್ಥಾವರಗಳ ಸಮಸ್ಯೆಯೂ ಇಂಥದೇ.

ಡ್ಯೂಟೀರಿಯಂ, ಟ್ರಿಟಿಯಂಗಳು 10 ಕೋಟಿ ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಬೆಸೆದು ಹೀಲಿಯಂ ಆಗುತ್ತವೆ. ಆಗ ಹೊಮ್ಮುವ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ನ್ಯೂಟ್ರಾನ್‌ಗಳು ಸುತ್ತಲಿನ ಕವಚಕ್ಕೆ ಒಯ್ಯುತ್ತವೆ. ಅಲ್ಲಿ ಹರಿಯುವ ನೀರು ಅಥವಾ ಹೀಲಿಯಂ ಅನಿಲ ಆ ಶಾಖವನ್ನು ಹೊರತರಬೇಕು. ಅದರಿಂದ ಉಗಿಯೆಬ್ಬಿಸಿ ಟರ್ಬೈನು ತಿರುಗಿಸುವ ಕ್ರಮ ನೆರೆಯ ಇಬ್ರಾಹಿಂಪಟ್ಟಣದ ಉಷ್ಣವಿದ್ಯುತ್ ಸ್ಥಾವರದಂತೆಯೇ. ಉಳಿದ ಒಂದು ಪಾಲು ಒಳಗೋಡೆಯನ್ನೂ ತಳದ ಫಲಕಗಳನ್ನೂ ಕಾಯಿಸುತ್ತದೆ.

ಕಾಂತಕ್ಷೇತ್ರವನ್ನು ಇಮ್ಮಡಿಸಿದರೆ ಶಕ್ತಿಸಾಂದ್ರತೆ 16 ಪಟ್ಟಾಗಬಲ್ಲದು. ಯಂತ್ರವನ್ನು ಚಿಕ್ಕದಾಗಿಸಲು ಇದೇ ದಾರಿ. ಆದರೆ ಅಳತೆಗಳು ಅರ್ಧವಾದರೆ ಗೋಡೆಯ ವಿಸ್ತೀರ್ಣ ಕಾಲುಭಾಗಕ್ಕಿಳಿಯುತ್ತದೆ. ಅಷ್ಟೇ ಶಕ್ತಿಗೆ ಪ್ರತಿ ಚದರ ಮೀಟರಿನ ಹೊರೆ ನಾಲ್ಮಡಿಯಾಗುತ್ತದೆ. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಬೃಹತ್ ಐಟರ್ ಯಂತ್ರದಲ್ಲಿಯೇ ಟಂಗ್‌ಸ್ಟನ್ ಫಲಕಗಳು ಚದರ ಮೀಟರಿಗೆ 10, ಕೆಲವೊಮ್ಮೆ 20 ಮೆಗಾವಾಟ್ ತಾಳಬೇಕು. ಅದರ ಕಾಂತಗಳಾದರೋ -269 ಡಿಗ್ರಿಯ ಶೀತದಲ್ಲಿರಬೇಕು. ಆ ಶೀತವನ್ನು ಕಾಯುವ ನಿರ್ವಾತ ಪಾತ್ರೆಯ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು ಎಂಬುದು ಭಾರತೀಯರಿಗೆ ಹೆಮ್ಮೆ.

ಆದುದರಿಂದ ಚಿಕ್ಕ ಸ್ಥಾವರದ ಭವಿಷ್ಯವು ಅದರ ಕಿಚ್ಚಿನಷ್ಟೇ ಅದರ ಗೋಡೆಯ ತಾಳಿಕೆಯನ್ನೂ ಅವಲಂಬಿಸಿದೆ.