ಒದ್ದೆ ಸೌಟು, ಕಾದ ಎಣ್ಣೆ

ಭದ್ರಾವತಿಯ ನ್ಯೂ ಟೌನ್‌ನವರಿಗೆ ಕರಗಿದ ಕಬ್ಬಿಣ ಹೊಸದೇನಲ್ಲ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಮಲೆನಾಡಿನ ಇದ್ದಿಲೇ ಉರುವಲು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು; ಇಂಗಾಲ ಬೆರೆತ ಬೀಡುಕಬ್ಬಿಣಕ್ಕೆ ಸುಮಾರು 1200 ಸಾಕು. ಅಂಥ ಕಾದ ಲೋಹದ ಹತ್ತಿರ ಒದ್ದೆ ವಸ್ತು ಸುಳಿಯಲೇಬಾರದು. ನೀರು ಕುದಿಯುವುದು ಬರೀ 100ಕ್ಕೆ. ಲೋಹದಡಿ ಸಿಕ್ಕ ಹನಿ ಕ್ಷಣದಲ್ಲಿ ಆವಿಯಾಗಿ, ಸುಮಾರು 1600 ಪಟ್ಟು ಹಿಗ್ಗಿ ಸಿಡಿಯುತ್ತದೆ.

ನಿಮ್ಮ ಒಲೆಯ ಬಾಣಲೆಗೂ ಇದೇ ಮಾತು. ಬೋಂಡಾ ಕರಿಯುವ ಎಣ್ಣೆ 180ರ ಆಸುಪಾಸಿನಲ್ಲಿರುತ್ತದೆ. ಮೊದಲು ಸೌಟು, ಕೈ ಎರಡನ್ನೂ ಒರೆಸಿಕೊಳ್ಳಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಮಾತ್ರ ಎರಚಬೇಡಿ. ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ. ಖಾಲಿ ಅಲ್ಯೂಮಿನಿಯಂ ಪಾತ್ರೆಯನ್ನು ಉರಿಯ ಮೇಲೆ ಮರೆಯಬೇಡಿ: ಅದು 660ಕ್ಕೇ ಕರಗುತ್ತದೆ.