ತಾಯಿ ಊರು ಬದಲಿಸುವಾಗ ಅವಿವಾಹಿತ ತಂದೆಯ ಮುಂದಿರುವ ದಾರಿ

ಮದುವೆಯಾಗದೆ ಕೂಡಿ ಬಾಳಿದವರು ಬೇರೆಯಾದ ಮೇಲೆ, ಮಗುವನ್ನು ಸಾಕುತ್ತಿರುವ ತಾಯಿ ಉದ್ಯೋಗಕ್ಕಾಗಿಯೋ ತವರಿನ ಆಸರೆಗಾಗಿಯೋ ದೂರದ ಊರಿಗೆ ಅಥವಾ ಹೊರದೇಶಕ್ಕೆ ಹೊರಟರೆ ತಂದೆಗೆ ಯಾವ ಹಕ್ಕಿದೆ ಎಂಬ ಪ್ರಶ್ನೆಗೆ ಭಾರತದ ಕಾನೂನು ಕೊಡುವ ಉತ್ತರ ಮೊದಲ ನೋಟಕ್ಕೆ ಕಠಿಣವಾಗಿಯೇ ಕಾಣುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ವಿವಾಹಬಾಹಿರ ಸಂಬಂಧದಲ್ಲಿ ಹುಟ್ಟಿದ ಮಗುವಿಗೆ ತಾಯಿಯೇ ಸಹಜ ಪಾಲಕಿ, ಅಂದರೆ ನ್ಯಾಯಾಲಯದ ನೇಮಕವಿಲ್ಲದೆಯೇ ಮಗುವಿನ ಮತ್ತು ಅದರ ಆಸ್ತಿಯ ಹೊಣೆ ಹೊತ್ತವಳು; ತಂದೆಯ ಸರದಿ ಆಕೆಯ ನಂತರದ್ದು. ಇಂಥ ಮಗುವನ್ನು ಕಾಯ್ದೆ ಇಂದಿಗೂ ‘ಅಧರ್ಮಜ’ ಎಂದೇ ಕರೆಯುತ್ತದೆ. ತನ್ನದಲ್ಲದ ಕಾರಣಕ್ಕೆ ಮಗುವಿಗೆ ಅಂಟಿದ ಈ ಪದ ಎಂದೋ ಕಾನೂನಿನಿಂದ ತೊಲಗಬೇಕಿತ್ತು. ಇಬ್ಬರೂ ದೀರ್ಘಕಾಲ ಗಂಡಹೆಂಡಿರಂತೆ ಬಾಳಿದ್ದರೆ ಮದುವೆಯಾಗಿತ್ತೆಂದೇ ನ್ಯಾಯಾಲಯ ಭಾವಿಸಲು ಅವಕಾಶವಿದ್ದು, ಆಗ ತಂದೆಯ ಸ್ಥಾನವೂ ಬದಲಾಗುವುದರಿಂದ ವಕೀಲರ ಬಳಿ ಮೊದಲು ಚರ್ಚಿಸಬೇಕಾದ ಸಂಗತಿ ಇದೇ.

ಆದರೆ ತಾಯಿಗೆ ಆದ್ಯತೆ ಇದೆಯೆಂದ ಮಾತ್ರಕ್ಕೆ ತಂದೆಯ ಬಾಗಿಲು ಮುಚ್ಚಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಕ್ಷೇಮವೇ ಪರಮ ಎನ್ನುತ್ತದೆ. ಅವಿವಾಹಿತ ತಾಯಿಯೊಬ್ಬರು, ಮಗುವಿನೊಂದಿಗೆ ಸಂಬಂಧವನ್ನೇ ಇಟ್ಟುಕೊಳ್ಳದ ತಂದೆಗೆ ನೋಟಿಸ್ ಕೊಡದೆ ಪಾಲಕತ್ವ ಪಡೆಯಬಹುದೆಂದು 2015ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಇಂಥ ಆದೇಶಗಳು ಎಂದಿಗೂ ಅಂತಿಮವಲ್ಲ, ಮಗುವಿನ ಬಗ್ಗೆ ನಿಜವಾದ ಕಾಳಜಿ ಇರುವವರು ಅವನ್ನು ಪ್ರಶ್ನಿಸಬಹುದು ಎಂದೂ ಸ್ಪಷ್ಟಪಡಿಸಿತು. ಆದ್ದರಿಂದ ತಂದೆಯ ವಾದ ತನ್ನ ಹಕ್ಕಿನ ಸುತ್ತ ಅಲ್ಲ, ಮಗುವಿಗೂ ತನಗೂ ಈಗಾಗಲೇ ಇರುವ ನಂಟಿನ ಸುತ್ತ ನಿಲ್ಲಬೇಕು.

ಆ ನಂಟಿಗೆ ದಾಖಲೆ ಕೂಡಿಸುವುದು ಮೊದಲ ಕೆಲಸ. ತಂದೆಯ ಹೆಸರಿರುವ ಜನನ ಪ್ರಮಾಣಪತ್ರ ಮತ್ತು ಗರ್ಭಿಣಿಯ ತಪಾಸಣೆ ದಾಖಲಿಸುವ ತಾಯಿ ಕಾರ್ಡ್, ಶಾಲಾ ಶುಲ್ಕದ ರಸೀದಿ, ಮಗುವಿನ ಖರ್ಚಿಗೆ ಹಣ ಕಳಿಸಿದ ಬ್ಯಾಂಕ್ ವಿವರ, ಆಸ್ಪತ್ರೆಯ ಚೀಟಿ, ಇವೆಲ್ಲ ಪ್ರೀತಿಯ ಮಾತುಗಳಿಗಿಂತ ಹೆಚ್ಚು ತೂಗುತ್ತವೆ. ಜ್ವರ ಬಂದ ರಾತ್ರಿ ಮಗುವನ್ನು ಆಸ್ಪತ್ರೆಗೆ ಸೇರಿಸಿದ ದಾಖಲೆಯಲ್ಲಿ ತಂದೆಯ ಸಹಿ ಇದ್ದರೆ ಆ ಒಂದು ಹಾಳೆ ಹತ್ತು ಪುಟಗಳ ಅಫಿಡವಿಟ್‌ಗೆ ಸಮ. ಪಿತೃತ್ವವನ್ನೇ ತಾಯಿ ಅಲ್ಲಗಳೆದರೆ ಡಿಎನ್‌ಎ ಪರೀಕ್ಷೆ ಕೋರಬಹುದಾದರೂ ನ್ಯಾಯಾಲಯಗಳು ಅದನ್ನು ಕೇಳಿದ ಕೂಡಲೇ ಆದೇಶಿಸುವುದಿಲ್ಲ. ಸಾಕುವ ಹೊಣೆಗೂ ಮದುವೆಗೂ ಸಂಬಂಧವಿಲ್ಲ. ಜೀವನಾಂಶ ಕೊಡುವ ಬಾಧ್ಯತೆ ಅವಿವಾಹಿತ ತಂದೆಗೂ ಇರುವುದರಿಂದ, ಜಗಳದ ನಡುವೆಯೂ ಆ ಹಣ ನಿಲ್ಲಿಸಬಾರದು.

ಎರಡನೆಯ ಹೆಜ್ಜೆಯಲ್ಲಿ ಸಮಯವೇ ಮುಖ್ಯ. ಪಾಲಕತ್ವವನ್ನೋ, ಮಗುವನ್ನು ತನ್ನ ಬಳಿ ಇರಿಸಿಕೊಳ್ಳುವ ಅಧಿಕಾರವಾದ ಸುಪರ್ದಿಯನ್ನೋ ಕೋರುವ ಅರ್ಜಿಯನ್ನು ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಸಲ್ಲಿಸಬೇಕು. ಅದರ 9ನೇ ಸೆಕ್ಷನ್ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ವಿಚಾರಣಾಧಿಕಾರ. ಬೆಂಗಳೂರಿನಲ್ಲಿ ಬೆಳೆದ ಮಗು ಪುಣೆಗೆ ಹೋಗಿ, ಅಲ್ಲಿಯ ಶಾಲೆಗೆ ಸೇರಿ ನೆಲೆ ನಿಂತ ಮೇಲೆ ಬೆಂಗಳೂರಿನಲ್ಲಿ ಅರ್ಜಿ ಹಾಕಿದರೆ ಅದು ಅಧಿಕಾರವ್ಯಾಪ್ತಿಯ ಪ್ರಶ್ನೆಯಲ್ಲೇ ಎಡವಬಹುದು. ಆದಕಾರಣ ಸ್ಥಳಾಂತರದ ಸುಳಿವು ಸಿಕ್ಕ ಕೂಡಲೇ ಕೌಟುಂಬಿಕ ನ್ಯಾಯಾಲಯಕ್ಕೆ, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದು ಒಳಿತು. ಪೊಲೀಸ್ ಠಾಣೆಯಿಂದ ಇಲ್ಲಿ ಸಾಮಾನ್ಯವಾಗಿ ಫಲ ಸಿಗದು, ಏಕೆಂದರೆ ಸಹಜ ಪಾಲಕಿಯೇ ಮಗುವನ್ನು ಕರೆದೊಯ್ದರೆ ಅದು ಅಪಹರಣವೆನಿಸುವುದಿಲ್ಲ. ತಂದೆಯೇ ಮಗುವನ್ನು ಕಸಿದು ತಂದರಂತೂ ಅವನ ಮೊಕದ್ದಮೆಗೆ ಅವನೇ ಕೊಡಲಿ ಹಾಕಿದಂತೆ.

ಮೂಲ ಅರ್ಜಿಯ ಜೊತೆಗೇ, ತೀರ್ಪಿಗೆ ಮುನ್ನ ತಾತ್ಕಾಲಿಕ ರಕ್ಷಣೆ ಕೋರುವ ಮಧ್ಯಂತರ ಅರ್ಜಿಯನ್ನು 1890ರ ಕಾಯ್ದೆಯ 12ನೇ ಸೆಕ್ಷನ್ ಅಡಿ ಸಲ್ಲಿಸಿ, ಅನುಮತಿಯಿಲ್ಲದೆ ಮಗುವನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಒಯ್ಯಬಾರದೆಂದೂ ಅದರ ಪಾಸ್‌ಪೋರ್ಟನ್ನು ನ್ಯಾಯಾಲಯದಲ್ಲಿ ಇರಿಸಬೇಕೆಂದೂ ಕೇಳಿಕೊಳ್ಳಬಹುದು. ಹೊರದೇಶದ ಪ್ರಯಾಣವಾದರೆ ಇದು ಇನ್ನೂ ಅಗತ್ಯ. ಗಡಿ ದಾಟಿದ ಮಕ್ಕಳನ್ನು ಮರಳಿ ತರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲದ ಕಾರಣ, ವಿಮಾನ ಹತ್ತಿದ ಮೇಲೆ ಆ ದಾರಿಯೂ ಇರುವುದಿಲ್ಲ.

ವಿಚಾರಣೆಯಲ್ಲಿ ತಾಯಿಯ ಪ್ರಯಾಣವನ್ನೇ ತಡೆಯಬೇಕೆಂಬ ಹಟ ತಂದೆಗೆ ನೆರವಾಗುವುದು ವಿರಳ. ಬೇರ್ಪಟ್ಟ ದಂಪತಿಗಳ ಮೊಕದ್ದಮೆಯೊಂದರಲ್ಲಿ, ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿದ್ದ ತಾಯಿ ಮಗುವನ್ನು ಅಲ್ಲಿಗೆ ಕರೆದೊಯ್ಯಲು ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಿತು. ಹೊಸ ಊರಿನ ಮನೆ, ಶಾಲೆ, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಖಚಿತ ಪ್ರಶ್ನೆಗಳನ್ನು ಎತ್ತುವುದು ಅಂಥ ಹಟಕ್ಕಿಂತ ಫಲಕಾರಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಪರಿಗಣಿಸಬಹುದು.

ಸ್ಥಳಾಂತರಕ್ಕೆ ಅನುಮತಿ ಸಿಕ್ಕೇಬಿಟ್ಟರೆ, ಭೇಟಿಯ ಹಕ್ಕನ್ನು ‘ಅನುಕೂಲವಾದಾಗ’ ಎಂಬ ಸಡಿಲ ಮಾತಿಗೆ ಬಿಡಬಾರದು. ವಾರದ ಯಾವ ದಿನ ಎಷ್ಟು ಗಂಟೆಗೆ ವಿಡಿಯೊ ಕರೆ, ಬೇಸಿಗೆ ಮತ್ತು ದಸರಾ ರಜೆಯಲ್ಲಿ ಎಷ್ಟು ದಿನ ತಂದೆಯ ಮನೆ, ಮಗುವಿನ ಜೊತೆ ಬರುವವರು ಯಾರು, ಟಿಕೆಟ್ಟಿನ ಖರ್ಚು ಯಾರದು, ಮತ್ತೆ ಊರು ಬದಲಿಸುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದೆಲ್ಲ ಆದೇಶದಲ್ಲೇ ಬರೆದಿರಬೇಕು.