ಅಪ್ಪನಿಗೆ ಯಾವ ವಿಮಾನ ಕೊಡಿಸಲಿ?

ಪ್ರಶ್ನೆ: ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ನಮ್ಮ ತಂದೆಗೆ ಹಳೆಯ ವಿಮಾನಗಳೆಂದರೆ ಪ್ರಾಣ. ಅವರೇ ಜೋಡಿಸುವಂಥ ಮಾಡೆಲ್ ಕಿಟ್ ಕೊಡಿಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಎಚ್‌ಎಎಲ್‌ನಲ್ಲೇ ತಯಾರಾದ ನ್ಯಾಟ್ ಕೊಡಿಸಿ. ಅದಕ್ಕಿಂತ ಹತ್ತಿರದ ವಿಮಾನ ಅವರಿಗೆ ಇನ್ನಾವುದಿದ್ದೀತು? ಆದರೆ ಡಬ್ಬಿಯನ್ನು ಸರಿಯಾಗಿ ನೋಡಿ ಕೊಳ್ಳಿ. ಬ್ರಿಟನ್ನಿನ ರೆಡ್ ಆ್ಯರೋಸ್ ತಂಡ ಹಾರಿಸಿದ್ದು ಎರಡು ಸೀಟಿನ ತರಬೇತಿ ನ್ಯಾಟ್. ಅದರ ಕಿಟ್‌ಗಳೂ ಮಾರಾಟಕ್ಕಿವೆ. 1965 ಮತ್ತು 1971ರಲ್ಲಿ ನಮ್ಮ ವಾಯುಪಡೆ ಕಾದಾಡಿದ್ದು ಒಂದೇ ಸೀಟಿನದರಲ್ಲಿ. ಈ ತಪ್ಪು ನಿಮಗೆ ಕಾಣದಿರಬಹುದು, ಅವರಿಗೆ ಕಂಡೇ ಕಾಣುತ್ತದೆ.

ನ್ಯಾಟ್ ಬಲು ಪುಟ್ಟ ವಿಮಾನ. 1/72 ಅಳತೆಯಲ್ಲಿ ಅದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 9 ಸೆಂಟಿಮೀಟರ್, ಅಷ್ಟೇ. ಕೈ ನಡುಗುವುದಿದ್ದರೆ ಅದೇ ಅಳತೆಯ ಡಕೋಟಾ ವಾಸಿ. ರೆಕ್ಕೆ 40 ಸೆಂಟಿಮೀಟರ್ ಇರುವುದರಿಂದ ಬಿಡಿಭಾಗಗಳನ್ನು ಹಿಡಿಯುವುದು ಸುಲಭ. ಅಂಟು ಹಚ್ಚುವಾಗ ಕಿಟಕಿ ತೆರೆದಿರಲಿ.

ಡಕೋಟಾ ಎಂದಾಗ ‘ಪರಶುರಾಮ’ನ ಕಥೆಯನ್ನೂ ಹೇಳಿ. ಬ್ರಿಟನ್ನಿನಲ್ಲಿ ದುರಸ್ತಿಗೊಂಡ ಆ ಹಳೆಯ ವಿಮಾನ 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂತು. ರಾಜಕಾರಣಿ ರಾಜೀವ್ ಚಂದ್ರಶೇಖರ್ ಅದನ್ನು ವಾಯುಪಡೆಗೆ ಕೊಟ್ಟರು. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು.

ಓದಿಗೆ ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಬರೆದ ‘ಈಗಲ್ಸ್ ಓವರ್ ಬಾಂಗ್ಲಾದೇಶ್’ ಕೊಡಿ. 1971ರ ಪೂರ್ವ ರಂಗದ ವಾಯುಯುದ್ಧವನ್ನು ಅದು ವಿವರವಾಗಿ ಕಟ್ಟಿಕೊಡುತ್ತದೆ.

ಬಣ್ಣ ಬಳಿಯುವ ಮುಂಚೆ ನಿಮ್ಮ ತಂದೆಯನ್ನು ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿ ಅವರು ಹೇಳುವುದನ್ನೆಲ್ಲ ದಯವಿಟ್ಟು ಬರೆದಿಟ್ಟುಕೊಳ್ಳಿ.